ಸಾರಾಯಿ ಗುತ್ತಿಗೆದಾರನ ತೆರಿಗೆ ಹರಿಹರದ ಭತ್ತದ ಮನೆಗೆ ಬಂದ ಕಥೆ

ದಾವಣಗೆರೆ, ಹರಿಹರ ಕಡೆಯ ಕೇಳುಗರು ತುಂಬ ದಿನದಿಂದ ಒಂದೇ ಪ್ರಶ್ನೆಯನ್ನ ಬೇರೆ ಬೇರೆ ಥರ ಕೇಳ್ತಾ ಇದ್ದಾರೆ. ಸಾರಾಂಶ ಇಷ್ಟು: "ಮಗನ ಫೀಸನ್ನ ಹೊರದೇಶಕ್ಕೆ ಕಳಿಸುವಾಗ ಬ್ಯಾಂಕ್‌ನವರು ಐವತ್ತು ಸಾವಿರ ಟ್ಯಾಕ್ಸ್ ಹಿಡ್ಕೊಂಡ್ರು. ನಾವು ಭತ್ತ ಬೆಳೆಯೋರು, ನಮಗೆ ಯಾವ ಟ್ಯಾಕ್ಸು?"

ಪ್ರಶ್ನೆ ಸರಿಯಾಗಿಯೇ ಇದೆ. ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲ. ಹಾಗಾದ್ರೆ ಬ್ಯಾಂಕ್ ಹಿಡಿದದ್ದು ಏನು? ಅದರ ಹೆಸರು ಟಿಸಿಎಸ್, ಅಂದ್ರೆ ಮೂಲದಲ್ಲೇ ಸಂಗ್ರಹಿಸುವ ತೆರಿಗೆ. ನೀವು ಮುಂದೆ ಕಟ್ಟಬೇಕಾಗಬಹುದಾದ ತೆರಿಗೆಗೆ ಮುಂಗಡ ಅಂತ ತಗೊಂಡು ನಿಮ್ಮ ಪ್ಯಾನ್ ಲೆಕ್ಕಕ್ಕೆ ಜಮಾ ಮಾಡಿರುವ ದುಡ್ಡು. ಕಟ್ಟಬೇಕಾದ ತೆರಿಗೆ ಸೊನ್ನೆ ಆದರೆ ಪೂರ್ತಿ ವಾಪಸ್ ಬರಬೇಕು. ಆದ್ರೆ ತಾನಾಗಿ ಬರಲ್ಲ, ಕೇಳಬೇಕು. ಹೇಗೆ ಅಂತ ಹೇಳ್ತೀನಿ. ಅದಕ್ಕೂ ಮೊದಲು ಈ ತೆರಿಗೆ ಹುಟ್ಟಿದ್ದು ಯಾರಿಗಾಗಿ ಅಂತ ನೋಡೋಣ. ನಾನು ಬಿಕಾಂ ಓದುವಾಗ ಟಿಸಿಎಸ್ ಅಂದ್ರೆ ಪುಸ್ತಕದಲ್ಲಿ ಅರ್ಧ ಪುಟ. ಕಥೆ ಅದಕ್ಕಿಂತ ದೊಡ್ಡದಿದೆ.

1988ಕ್ಕೆ ಹೋಗೋಣ. ಎನ್.ಡಿ. ತಿವಾರಿ ಹಣಕಾಸು ಮಂತ್ರಿ. ಆ ವರ್ಷದ ಹಣಕಾಸು ಕಾಯ್ದೆಯಲ್ಲಿ ಆದಾಯ ತೆರಿಗೆ ಕಾನೂನಿಗೆ 206ಸಿ ಅಂತ ಒಂದು ಸೆಕ್ಷನ್ ಸೇರಿತು. ಗುರಿ ಇದ್ದದ್ದು ಸಾರಾಯಿ ಮತ್ತು ಅರಣ್ಯ ಉತ್ಪನ್ನದ ಗುತ್ತಿಗೆದಾರರು. ಸರ್ಕಾರದ ತಕರಾರು ಏನಪ್ಪಾ ಅಂದ್ರೆ, ಈ ಜನ ಹರಾಜಲ್ಲಿ ಗುತ್ತಿಗೆ ಹಿಡೀತಾರೆ, ಒಂದು ವರ್ಷ ವ್ಯಾಪಾರ ಮಾಡ್ತಾರೆ, ಲೆಕ್ಕಪತ್ರ ಇಡಲ್ಲ, ಬೇನಾಮಿ ಹೆಸರಲ್ಲಿ ಇರ್ತಾರೆ, ತೆರಿಗೆ ಅಧಿಕಾರಿ ಹುಡುಕಿಕೊಂಡು ಹೋಗೋ ಹೊತ್ತಿಗೆ ಆಸಾಮಿ ನಾಪತ್ತೆ. ಅದಕ್ಕೆ ಮಾಲು ಕೊಡುವಾಗಲೇ ಮಾರುವವನ ಕೈಯಿಂದ ತೆರಿಗೆ ವಸೂಲಿ ಮಾಡಿಸೋದು ಅಂತಾಯ್ತು. ಗುತ್ತಿಗೆದಾರರು ಕೋರ್ಟಿಗೆ ಹೋದರು. 1996ರಲ್ಲಿ ಸುಪ್ರೀಂ ಕೋರ್ಟ್ ಸನ್ಯಾಸಿ ರಾವ್ ಪ್ರಕರಣದಲ್ಲಿ ಈ ಸೆಕ್ಷನ್ನನ್ನ ಎತ್ತಿ ಹಿಡಿಯಿತು.

ಕರ್ನಾಟಕದ್ದೇ ಒಂದು ಕೇಸ್ ಇದೆ, ನನಗೆ ಬಹಳ ಇಷ್ಟದ್ದು. ಆಗ ಇಲ್ಲಿ ಸಾರಾಯಿ ಬಾಟಲಿ ಪೂರೈಸುತ್ತಿದ್ದದ್ದು ಸರ್ಕಾರಿ ಕಂಪನಿ ಎಂಎಸ್‌ಐಎಲ್. ಗುತ್ತಿಗೆದಾರರಿಂದ ನೀವ್ಯಾಕೆ ಟಿಸಿಎಸ್ ಹಿಡಿಯಲಿಲ್ಲ ಅಂತ ತೆರಿಗೆ ಇಲಾಖೆ 2001ರಲ್ಲಿ ಆ ಕಂಪನಿಯ ಬೆನ್ನು ಹತ್ತಿತು. ವಾದ ನಡೀತಾ ನಡೀತಾ ರಾಜ್ಯದಲ್ಲಿ ಸಾರಾಯಿಯೇ 2007ರಲ್ಲಿ ನಿಷೇಧ ಆಯ್ತು. ಕೇಸ್ ಮಾತ್ರ ಮುಗಿದದ್ದು 2024ರ ಜುಲೈನಲ್ಲಿ. ಹರಾಜಲ್ಲಿ ಗುತ್ತಿಗೆದಾರ ಕೊಂಡದ್ದು ಮಾರುವ ಹಕ್ಕನ್ನ ಮಾತ್ರ, ಸಾರಾಯಿಯನ್ನಲ್ಲ; ಸಾರಾಯಿಯ ಬೆಲೆಯನ್ನ ಸರ್ಕಾರವೇ ನಿಗದಿ ಮಾಡಿತ್ತು; ಹಾಗಾಗಿ ಈ ಸೆಕ್ಷನ್ ಇಲ್ಲಿ ಅನ್ವಯ ಆಗಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿತು. ಇಪ್ಪತ್ತಮೂರು ವರ್ಷ! ದೊಡ್ಡವರ ಹತ್ರ ವಕೀಲರಿರ್ತಾರೆ, ಎಳೀತಾರೆ. ಭತ್ತದ ಮನೆಯವರ ಹತ್ರ ಇರೋದು ಒಂದು ರಿಟರ್ನ್ ಫಾರಂ ಮಾತ್ರ.

ಆಮೇಲೆ ಈ ಸೆಕ್ಷನ್ ಅಡಿಕೆ ಮರದ ಥರ ಬೆಳೀತಾ ಹೋಯ್ತು. ಗುಜರಿ, ಪಾರ್ಕಿಂಗ್ ಜಾಗ, ಟೋಲ್, ಗಣಿ, ಕಲ್ಲಿದ್ದಲು, 2016ರಲ್ಲಿ ಹತ್ತು ಲಕ್ಷ ಮೀರಿದ ಕಾರು. ಕೊನೆಗೆ 2020ರಲ್ಲಿ ಹೊರದೇಶಕ್ಕೆ ಕಳಿಸುವ ದುಡ್ಡು.

ಈಗ ಕಥೆಯ ಇನ್ನೊಂದು ಎಳೆ. ಹೊರಗೆ ದುಡ್ಡು ಕಳಿಸೋದು ನಮ್ಮ ದೇಶದಲ್ಲಿ ಯಾವತ್ತೂ ಸಲೀಸಾಗಿರಲಿಲ್ಲ. ಎರಡನೇ ಮಹಾಯುದ್ಧ ಶುರುವಾದ 1939ರಲ್ಲೇ ವಿದೇಶಿ ವಿನಿಮಯಕ್ಕೆ ಬ್ರಿಟಿಷರು ಕಡಿವಾಣ ಹಾಕಿದರು. ಯುದ್ಧ ಮುಗಿದರೂ ಕಡಿವಾಣ ಉಳಿಯಿತು, 1947ರಲ್ಲಿ ಕಾಯ್ದೆಯೇ ಆಯಿತು. 1973ರಲ್ಲಿ ಬಂದ ಫೆರಾ ಇನ್ನೂ ಖಡಕ್, ಅದನ್ನ ಮುರಿದರೆ ಕ್ರಿಮಿನಲ್ ಅಪರಾಧ. ಎಂಟು ಡಾಲರ್ ಜೇಬಲ್ಲಿಟ್ಟುಕೊಂಡು ಅಮೆರಿಕ ವಿಮಾನ ಹತ್ತಿದ ಹಿರಿಯರ ಕಥೆ ನೀವೂ ಕೇಳಿರ್ತೀರಿ. 1991ರಲ್ಲಿ ದೇಶದ ಡಾಲರ್ ಖಾಲಿಯಾಗಿ ಚಿನ್ನ ಅಡವಿಟ್ಟದ್ದು ಗೊತ್ತೇ ಇದೆ. 2000ದಲ್ಲಿ ಫೆರಾ ಹೋಗಿ ಫೆಮಾ ಬಂತು. 2004ರ ಫೆಬ್ರವರಿಯಲ್ಲಿ ರಿಸರ್ವ್ ಬ್ಯಾಂಕ್ ಎಲ್‌ಆರ್‌ಎಸ್ ಯೋಜನೆ ತಂದು, ಒಬ್ಬ ವ್ಯಕ್ತಿ ವರ್ಷಕ್ಕೆ 25,000 ಡಾಲರ್ ಕಳಿಸಬಹುದು ಅಂತ ನಲ್ಲಿ ತಿರುಗಿಸಿತು. 2007ರ ಹೊತ್ತಿಗೆ ಮಿತಿ ಎರಡು ಲಕ್ಷ ಡಾಲರ್. 2013ರಲ್ಲಿ ರೂಪಾಯಿ ಕುಸಿದಾಗ 75,000ಕ್ಕೆ ಬಿಗಿ. 2015ರಿಂದ ಎರಡೂವರೆ ಲಕ್ಷ.

ಯೋಜನೆ ಶುರುವಾದ ಆಸುಪಾಸಿನ ವರ್ಷ, 2004–05ರಲ್ಲಿ, ಇಡೀ ದೇಶದಿಂದ ಈ ದಾರಿಯಲ್ಲಿ ಹೋದ ಹಣ ಒಂದು ಕೋಟಿ ಡಾಲರ್ ಕೂಡ ಮುಟ್ಟಿರಲಿಲ್ಲ. 2023–24ರಲ್ಲಿ ಅದು 3,100 ಕೋಟಿ ಡಾಲರ್ ದಾಟಿತು. ಅರ್ಧಕ್ಕಿಂತ ಹೆಚ್ಚು ಹೋದದ್ದು ಪ್ರವಾಸಕ್ಕೆ. ಇಷ್ಟು ದುಡ್ಡು ಕಳಿಸೋರೆಲ್ಲ ರಿಟರ್ನ್ ಹಾಕ್ತಿದಾರಾ ಅನ್ನೋ ಅನುಮಾನ ಸರ್ಕಾರಕ್ಕೆ ಬಂದದ್ದು ಅಸಹಜ ಅಲ್ಲ. ಹಾಗೆ 2020ರ ಬಜೆಟ್‌ನಲ್ಲಿ ನಿರ್ಮಲಾ ಸೀತಾರಾಮನ್ ಸಾರಾಯಿ ಕಾಲದ ಅದೇ 206ಸಿಗೆ (1ಜಿ) ಅಂತ ಒಂದು ಕೊಂಬೆ ಸೇರಿಸಿದರು. ಅಕ್ಟೋಬರ್ 1ರಿಂದ ಜಾರಿ. ವರ್ಷಕ್ಕೆ ಏಳು ಲಕ್ಷ ಮೀರಿದ ಮೊತ್ತಕ್ಕೆ 5 ಪರ್ಸೆಂಟ್. ಶಿಕ್ಷಣ ಸಾಲದ ದುಡ್ಡಾದರೆ ಅರ್ಧ ಪರ್ಸೆಂಟ್.

2023 ಗೊಂದಲದ ವರ್ಷ. ಶಿಕ್ಷಣ, ಚಿಕಿತ್ಸೆ ಬಿಟ್ಟು ಉಳಿದದ್ದಕ್ಕೆ 20 ಪರ್ಸೆಂಟ್ ಅಂದರು. ಮೇ ತಿಂಗಳಲ್ಲಿ ಹೊರದೇಶದಲ್ಲಿ ಉಜ್ಜುವ ಕ್ರೆಡಿಟ್ ಕಾರ್ಡನ್ನೂ ಮಿತಿಯೊಳಗೆ ತಂದರು, ಗಲಾಟೆ ಆಯ್ತು, ಜೂನ್ ಕೊನೆಗೆ ಅದನ್ನ ತಡೆಹಿಡಿದರು. ಜುಲೈಗೆ ಅಂದಿದ್ದ ಹೊಸ ದರ ಅಕ್ಟೋಬರ್‌ಗೆ ಹೋಯಿತು.

ಹೊರದೇಶಕ್ಕೆ ದುಡ್ಡು ಕಳಿಸೋರು ಅಂದ ತಕ್ಷಣ ದಿಲ್ಲಿಯವರ ಕಣ್ಣಿಗೆ ಬರೋದು ದುಬೈ ಶಾಪಿಂಗ್, ಯುರೋಪ್ ಟೂರ್. ನಮ್ಮ ಕಡೆ ಚಿತ್ರ ಬೇರೆ. ಹರಿಹರದಲ್ಲಿ ತುಂಗಭದ್ರಾ ಸೇತುವೆ ದಾಟಿ ರಾಣೆಬೆನ್ನೂರು ಕಡೆ ಹೊರಟರೆ ಚಳಗೇರಿ ಸಿಗುತ್ತೆ. ಆ ಊರಿನ ನವೀನ್ ಶೇಖರಪ್ಪ ಉಕ್ರೇನಿನಲ್ಲಿ ಎಂಬಿಬಿಎಸ್ ಓದುತ್ತಿದ್ದವರು, 2022ರ ಮಾರ್ಚ್ 1ರಂದು ಖಾರ್ಕಿವ್‌ನಲ್ಲಿ ಶೆಲ್ ದಾಳಿಗೆ ಬಲಿಯಾದರು. ಮನೆಯವರು ದೇಹವನ್ನ ದಾನ ಮಾಡಿದ್ದು ದಾವಣಗೆರೆಯ ಎಸ್.ಎಸ್. ಮೆಡಿಕಲ್ ಕಾಲೇಜಿಗೆ. ಪಿಯುಸಿಯಲ್ಲಿ 97 ಪರ್ಸೆಂಟ್ ಬಂದಿದ್ದರೂ ಇಲ್ಲಿ ಸೀಟು ಕೈಗೆಟುಕಲಿಲ್ಲ ಅಂತ ಅವರ ತಂದೆ ಹೇಳಿದ್ದನ್ನ ಇಡೀ ದೇಶ ಟಿವಿಯಲ್ಲಿ ಕೇಳಿತು. 1965ರಿಂದ ಜೆಜೆಎಂ ಮೆಡಿಕಲ್ ಕಾಲೇಜು ಇರುವ ಊರಿನ ಪಕ್ಕದಿಂದ ಮಕ್ಕಳು ಡಾಕ್ಟರ್ ಆಗೋಕೆ ಖಾರ್ಕಿವ್‌ಗೆ ಹೋಗ್ತಾರೆ ಅಂದ್ರೆ ಅದು ಶೋಕಿಗಲ್ಲ.

ಲೆಕ್ಕಕ್ಕೆ ಬರೋಣ. ಭದ್ರಾ ನಾಲೆಯ ನೀರಲ್ಲಿ ಭತ್ತ ಬೆಳೆಯುವ ಒಂದು ಮನೆ ಅಂದ್ಕೊಳ್ಳಿ. 2025ರ ಜನವರಿಯಲ್ಲಿ ತಂದೆ ತನ್ನ ಉಳಿತಾಯದಿಂದ ಮಗಳ ಫೀಸಿಗೆ 17 ಲಕ್ಷ ಕಳಿಸ್ತಾರೆ. ಏಳು ಲಕ್ಷ ಕಳೆದರೆ ಹತ್ತು ಲಕ್ಷ, ಅದಕ್ಕೆ 5 ಪರ್ಸೆಂಟ್, 50,000 ರೂಪಾಯಿ. ಈಗ ಅದೇ ದುಡ್ಡನ್ನ ಬ್ಯಾಂಕಿನ ಫಾರಂನಲ್ಲಿ ಶಿಕ್ಷಣ ಅನ್ನೋ ಬದಲು ಕುಟುಂಬ ನಿರ್ವಹಣೆ ಅಂತ ತುಂಬಿದರೆ? 20 ಪರ್ಸೆಂಟ್, ಎರಡು ಲಕ್ಷ! ಫಾರಂನಲ್ಲಿ ಒಂದು ಕೋಡ್ ಬದಲಾದದ್ದಕ್ಕೆ ಒಂದೂವರೆ ಲಕ್ಷದ ವ್ಯತ್ಯಾಸ. ಹಾಸ್ಟೆಲ್, ಊಟದ ಖರ್ಚೂ ಶಿಕ್ಷಣದ ಲೆಕ್ಕಕ್ಕೇ ಬರುತ್ತೆ ಅಂತ ತೆರಿಗೆ ಮಂಡಳಿ 2023ರ ಜೂನ್ 30ರ ಸುತ್ತೋಲೆಯಲ್ಲಿ ಸ್ಪಷ್ಟ ಮಾಡಿದೆ. ಕೌಂಟರ್‌ನಲ್ಲಿ ನಿಂತಾಗ ಇದನ್ನ ನೆನಪಿಸಿ.

ವಾಪಸ್ ತಗೊಳ್ಳೋದು ಹೇಗೆ? ಮೊದಲು ಆದಾಯ ತೆರಿಗೆ ಪೋರ್ಟಲ್‌ನಲ್ಲಿ ದುಡ್ಡು ಕಳಿಸಿದವರ ಹೆಸರಲ್ಲಿ ಲಾಗಿನ್ ಆಗಿ 26ಎಎಸ್ ತೆಗೆದು ನೋಡಿ. ಯಾರ ಪ್ಯಾನ್‌ನಿಂದ ಹೋಯ್ತೋ ಅವರ ಹೆಸರಲ್ಲೇ ಜಮಾ ಇರುತ್ತೆ. ಅಪ್ಪನ ಖಾತೆಯಿಂದ ಹೋಗಿದ್ರೆ ಅಪ್ಪನೇ ರಿಟರ್ನ್ ಹಾಕಬೇಕು, ಓದ್ತಿರೋ ಮಗಳು ಹಾಕಿದ್ರೆ ಬರಲ್ಲ. ಜಮಾ ಕಾಣದಿದ್ದರೆ ಬ್ಯಾಂಕಿಗೆ ಹೋಗಿ 27ಡಿ ಸರ್ಟಿಫಿಕೇಟ್ ಕೇಳಿ.

ರೈತರು ಗಮನಿಸಬೇಕಾದದ್ದು ಫಾರಂ ಯಾವುದು ಅನ್ನೋದು. ಕೃಷಿ ಆದಾಯ 5,000 ರೂಪಾಯಿ ಮೀರಿದರೆ ಐಟಿಆರ್-1 ನಡೆಯಲ್ಲ, ಬೇರೆ ವ್ಯಾಪಾರ ಇಲ್ಲದಿದ್ದರೆ ಐಟಿಆರ್-2. ಐದು ಲಕ್ಷ ಮೀರಿದರೆ ಜಮೀನು ಎಲ್ಲಿದೆ, ಎಷ್ಟು ಎಕರೆ, ನೀರಾವರಿಯೋ ಮಳೆಯಾಶ್ರಿತವೋ ಅದನ್ನೂ ತುಂಬಬೇಕು. ಪಹಣಿ ಪಕ್ಕಕ್ಕಿಟ್ಟುಕೊಂಡು ಕೂತರೆ ಒಂದು ಮಧ್ಯಾಹ್ನದ ಕೆಲಸ. "ನಮಗೆ ಆದಾಯವೇ ಇಲ್ಲ, ರಿಟರ್ನ್ ಯಾಕೆ" ಅನ್ನೋರಿಗೆ ಇನ್ನೊಂದು ವಿಷಯ. ಟಿಡಿಎಸ್, ಟಿಸಿಎಸ್ ಸೇರಿ ವರ್ಷಕ್ಕೆ 25,000 ಮುಟ್ಟಿದರೆ ರಿಟರ್ನ್ ಕಡ್ಡಾಯ ಅಂತ 2022ರಲ್ಲೇ ನಿಯಮ ಬಂದಿದೆ. ಹಿರಿಯ ನಾಗರಿಕರಿಗೆ 50,000.

ಸಲ್ಲಿಸಿದ ಮೇಲೆ 30 ದಿನದೊಳಗೆ ಇ-ವೆರಿಫೈ ಮಾಡಿ. ರಿಫಂಡ್ ಬರುವ ಖಾತೆಯನ್ನ ಪೋರ್ಟಲ್‌ನಲ್ಲಿ ವ್ಯಾಲಿಡೇಟ್ ಮಾಡಿಸಿ. ಪ್ಯಾನ್‌ನಲ್ಲಿ ಬಸವರಾಜಪ್ಪ, ಪಾಸ್‌ಬುಕ್‌ನಲ್ಲಿ ಬಸವರಾಜ ಅಂತಿದ್ದರೆ ಸಾಮಾನ್ಯವಾಗಿ ಸಿಕ್ಕಿಹಾಕಿಕೊಳ್ಳೋದು ಇಲ್ಲೇ. ಗಡುವಿನೊಳಗೆ ಹಾಕಿದವರಿಗೆ ಏಪ್ರಿಲ್‌ನಿಂದ ಲೆಕ್ಕ ಹಾಕಿ ತಿಂಗಳಿಗೆ ಅರ್ಧ ಪರ್ಸೆಂಟ್ ಬಡ್ಡಿಯೂ ಸಿಗುತ್ತೆ. ಸಂಬಳದಾರ ತಂದೆತಾಯಿಗೆ ದಾರಿ ಇನ್ನೂ ಸುಲಭ. 2024ರ ಅಕ್ಟೋಬರ್‌ನಿಂದ ಈ ಜಮಾವನ್ನ ಆಫೀಸಿಗೆ ತಿಳಿಸಿದರೆ ಸಂಬಳದ ಟಿಡಿಎಸ್‌ನಲ್ಲೇ ಹೊಂದಿಸ್ತಾರೆ.

2025ರ ಏಪ್ರಿಲ್ 1ರಿಂದ ಏಳು ಲಕ್ಷದ ಮಿತಿ ಹತ್ತು ಲಕ್ಷ ಆಗಿದೆ, ಬ್ಯಾಂಕಿನ ಶಿಕ್ಷಣ ಸಾಲದಿಂದ ಕಳಿಸುವ ದುಡ್ಡಿಗೆ ಟಿಸಿಎಸ್ ಇಲ್ಲ. ಒಳ್ಳೇದೇ. ಆದ್ರೆ ಸಾಲ ಮಾಡಿದವರಿಗೆ ಮಾಫಿ, ಬೆವರು ಸುರಿಸಿ ಉಳಿಸಿದವರಿಗೆ 5 ಪರ್ಸೆಂಟ್ ಅಂತ 2025ರಲ್ಲಿ ಇಟ್ಟಿದ್ದದ್ದು ನನಗೆ ಇವತ್ತಿಗೂ ಜೀರ್ಣ ಆಗಿಲ್ಲ. ತೆರಿಗೆಯೇ ಬಾಕಿ ಇಲ್ಲದವರ ದುಡ್ಡು ತಿಂಗಳುಗಟ್ಟಲೆ ಸರ್ಕಾರದ ಹತ್ರ ಕೂತಿರುತ್ತೆ, ಇಲ್ಲಿ ಗೊಬ್ಬರಕ್ಕೆ ಕೈಸಾಲ ನಡೀತಿರುತ್ತೆ.

2024–25ರ ಹಣಕಾಸು ವರ್ಷದ ರಿಟರ್ನ್‌ಗೆ 2025ರಲ್ಲಿ ಗಡುವನ್ನ ಸೆಪ್ಟೆಂಬರ್ 16ರವರೆಗೆ ವಿಸ್ತರಿಸಿದ್ದರು. ತಪ್ಪಿದವರಿಗೆ ಡಿಸೆಂಬರ್ 31ರವರೆಗೆ ತಡವಾಗಿ ಹಾಕುವ ಅವಕಾಶ ಇತ್ತು. ಅದೂ ದಾಟಿದರೆ ಐಟಿಆರ್-ಯು ಹಾಕ್ತೀನಿ ಅಂತ ಹೋಗಬೇಡಿ, ಅದರಲ್ಲಿ ರಿಫಂಡ್ ಕೇಳೋಕೆ ಆಗಲ್ಲ. ಹಳೇ ವರ್ಷಗಳದ್ದು ಬಿಟ್ಟುಹೋಗಿದ್ರೆ 119(2)(ಬಿ) ಅಡಿ ವಿಳಂಬ ಮನ್ನಾ ಅರ್ಜಿ ಹಾಕಬೇಕು. ತಡ ಯಾಕಾಯ್ತು, ಕಷ್ಟ ಏನು ಅಂತ ದಾಖಲೆ ಸಮೇತ ಬರೆಯಬೇಕು. ಮಂಜೂರಾದರೂ ಬಡ್ಡಿ ಸಿಗಲ್ಲ. 2024ರ ಅಕ್ಟೋಬರ್ ಸುತ್ತೋಲೆ ಪ್ರಕಾರ ಇದಕ್ಕೆ ಅಸೆಸ್‌ಮೆಂಟ್ ವರ್ಷ ಮುಗಿದ ಮೇಲೆ ಐದು ವರ್ಷ ಕಾಲಾವಕಾಶ. ಅಂದ್ರೆ 2020ರ ಅಕ್ಟೋಬರ್‌ನಲ್ಲಿ, ಈ ನಿಯಮ ಬಂದ ಮೊದಲ ವಾರದಲ್ಲೇ ದುಡ್ಡು ಹಿಡಿಸಿಕೊಂಡವರು ಕೂಡ 2027ರ ಮಾರ್ಚ್ 31ರವರೆಗೆ ಅರ್ಜಿ ಹಾಕಬಹುದು.