ರಕ್ತದಲ್ಲಿ ಔಷಧವೆಷ್ಟು? ಗ್ಯಾಸ್ ಕ್ರೊಮ್ಯಾಟೊಗ್ರಫಿ ನಡೆದುಬಂದ ದಾರಿ

ಅಪಸ್ಮಾರಕ್ಕೆ ಕೊಡುವ ಫೆನಿಟಾಯಿನ್ ಸುಲಭದ ಲೆಕ್ಕಕ್ಕೆ ಸಿಗುವ ಔಷಧವಲ್ಲ. ಯಕೃತ್ತು ಅದನ್ನು ಒಂದು ಮಿತಿಯವರೆಗೆ ಮಾತ್ರ ಕರಗಿಸಬಲ್ಲದು. ಆ ಮಿತಿ ಹತ್ತಿರವಾದಾಗ ಡೋಸ್ ತುಸು ಏರಿಸಿದರೂ ರಕ್ತದ ಮಟ್ಟ ಒಮ್ಮೆಲೇ ಜಿಗಿಯುತ್ತದೆ. ಸಾಮಾನ್ಯವಾಗಿ ಮಿಲಿಲೀಟರಿಗೆ 10ರಿಂದ 20 ಮೈಕ್ರೋಗ್ರಾಂ ಇದ್ದರೆ ಗುಣ. ಮೀರಿದರೆ ಕಣ್ಣುಗುಡ್ಡೆ ಅದುರುತ್ತದೆ, ನಡಿಗೆ ತೂರಾಡುತ್ತದೆ. 1968ರ ಸುಮಾರಿಗೆ ಆಸ್ಟ್ರೇಲಿಯದ ಬ್ರಿಸ್ಬೇನಿನಲ್ಲಿ, ಎಂದಿನ ಡೋಸನ್ನೇ ನುಂಗುತ್ತಿದ್ದವರಲ್ಲಿ ಈ ವಿಷಲಕ್ಷಣಗಳು ಕಾಣಿಸಿಕೊಂಡವು. ಕ್ಯಾಪ್ಸೂಲಿಗೆ ತುಂಬುವ ಪೂರಕ ಪುಡಿಯನ್ನು ಕ್ಯಾಲ್ಸಿಯಂ ಸಲ್ಫೇಟಿನಿಂದ ಲ್ಯಾಕ್ಟೋಸಿಗೆ ಬದಲಿಸಿದ್ದರಿಂದ ಔಷಧ ಹೆಚ್ಚು ಹೀರಿಕೆಯಾಗಿತ್ತು. ಮಾತ್ರೆ ಎಣಿಸಿದರೆ ಸಾಲದು, ರಕ್ತವನ್ನೇ ಅಳೆಯಬೇಕು ಎಂಬುದಕ್ಕೆ ಬೇರೆ ಪುರಾವೆ ಬೇಕಿರಲಿಲ್ಲ.

ಅಳೆಯುವುದು ಹೇಗೆ? ಮೊದಲಿದ್ದ ನೇರಳಾತೀತ ಬೆಳಕಿನ ವಿಧಾನ ಬಾರ್ಬಿಟುರೇಟ್ (ನಿದ್ರೆಗೂ ಅಪಸ್ಮಾರಕ್ಕೂ ಕೊಡುವ ಔಷಧಗಳ ಗುಂಪು) ಇದೆಯೆಂದು ಹೇಳುತ್ತಿತ್ತು. ಅದೇ ಗುಂಪಿನ ಯಾವ ಔಷಧ ಎಂದು ಬಿಡಿಸಿ ಹೇಳಲು ತಿಣುಕುತ್ತಿತ್ತು. ಲಂಡನ್ನಿನಲ್ಲಿ ಜೇಮ್ಸ್ ಮತ್ತು ಮಾರ್ಟಿನ್ 1952ರಲ್ಲಿ ಪ್ರಕಟಿಸಿದ ಅನಿಲ-ದ್ರವ ಕ್ರೊಮ್ಯಾಟೊಗ್ರಫಿ, ಅಂದರೆ ಆವಿಯಾದ ಮಿಶ್ರಣವನ್ನು ಕಾಲಮ್ ಎಂಬ ಕೊಳವೆಯಲ್ಲಿ ಹರಿಸಿ ಬಿಡಿಸುವ ಗ್ಯಾಸ್ ಕ್ರೊಮ್ಯಾಟೊಗ್ರಫಿ, ಆ ಬೇರ್ಪಡಿಕೆಗೆ ದಾರಿ ತೆರೆಯಿತು. 1960ರ ದಶಕದ ಆರಂಭಕ್ಕೆ ಬಾರ್ಬಿಟುರೇಟುಗಳೂ ಕಾಲಮ್ಮಿಗೆ ಇಳಿದವು.

ಆದರೆ ಈ ಅಣುಗಳು ಕಾಲಮ್ಮಿನ ಗೋಡೆಗೆ ಅಂಟಿಕೊಂಡು, ಅಳತೆಯ ಗೆರೆಯಲ್ಲಿ ಏಳುವ ಶಿಖರ (ಪೀಕ್) ಬಾಲ ಎಳೆಯುತ್ತಿತ್ತು. ಮೀಥೈಲ್ ಗುಂಪು ಜೋಡಿಸಿದರೆ ಅಂಟು ಬಿಡುತ್ತದೆ. ಅದಕ್ಕೆ ಬಳಸುತ್ತಿದ್ದ ಡಯಾಜೋಮೀಥೇನ್ ಮಾತ್ರ ವಿಷಕಾರಿ, ಸ್ಫೋಟಕ. 1970ರಲ್ಲಿ ಮ್ಯಾಕ್‌ಗೀ ಫೆನಿಟಾಯಿನ್‌ಗೆ ಸರಳ ದಾರಿ ತೋರಿಸಿದರು: ಔಷಧವನ್ನು ಪ್ಲಾಸ್ಮಾದಿಂದ ಟಾಲ್ವೀನಿಗೆ ಸೆಳೆದು, ಅಲ್ಲಿಂದ ತುಸುವೇ ಟೆಟ್ರಾಮೀಥೈಲ್ ಅಮೋನಿಯಂ ಹೈಡ್ರಾಕ್ಸೈಡಿಗೆ ಇಳಿಸಿ ಚುಚ್ಚುವುದು. ಉಪಕರಣದ ಬಿಸಿ ಬಾಯಲ್ಲೇ ಮೀಥೈಲೀಕರಣ ಮುಗಿಯುತ್ತಿತ್ತು. ಆದರೆ ಈ ಪ್ರಬಲ ಕ್ಷಾರ, ಅಪಸ್ಮಾರಕ್ಕೆ ಕೊಡುವ ಬಾರ್ಬಿಟುರೇಟ್ ಆದ ಫಿನೋಬಾರ್ಬಿಟಾಲಿನ ಉಂಗುರವನ್ನು ಮುರಿಯುತ್ತಿತ್ತು. ಆ ಚೂರು ಮುಖ್ಯ ಪೀಕಿಗಿಂತ ಮುಂಚೆಯೇ ಇನ್ನೊಂದು ಪೀಕಾಗಿ ಬರುತ್ತಿತ್ತು. ಅದನ್ನು ಗಮನಿಸದೆ ಬಿಟ್ಟರೆ ಫಲಿತಾಂಶ ನಿಜಕ್ಕಿಂತ ಕಡಿಮೆ. ಟ್ರೈಮೀಥೈಲ್ ಅನಿಲಿನಿಯಂ ಹೈಡ್ರಾಕ್ಸೈಡ್ ಈ ತೊಂದರೆಯನ್ನು ತಗ್ಗಿಸಿತು. ಜೊತೆಗೆ, ಫೆನಿಟಾಯಿನ್ ಅನ್ನೇ ಹೋಲುವ ಇನ್ನೊಂದು ಸಂಯುಕ್ತವನ್ನು ಗೊತ್ತಾದ ಪ್ರಮಾಣದಲ್ಲಿ ಮೊದಲೇ ಬೆರೆಸುವ ರೂಢಿ ನೆಲೆಗೊಂಡಿತು. ದಾರಿಯಲ್ಲಿ ಎರಡೂ ಸಮನಾಗಿ ನಷ್ಟವಾಗುವುದರಿಂದ ಅವುಗಳ ಅನುಪಾತ ಕೆಡುವುದಿಲ್ಲ.

ರಕ್ತದಲ್ಲಿ ನ್ಯಾನೋಗ್ರಾಂ ಮಟ್ಟದಲ್ಲಷ್ಟೇ ಇರುವ ಡಯಜೆಪಾಮ್ ಎಂಬ ಔಷಧಕ್ಕೆ ಲವ್‌ಲಾಕ್ ರೂಪಿಸಿದ ಎಲೆಕ್ಟ್ರಾನ್ ಕ್ಯಾಪ್ಚರ್ ಡಿಟೆಕ್ಟರ್ ಒದಗಿತು. ಆ ಅಣುವಿನ ಕ್ಲೋರಿನ್ ಅದಕ್ಕೆ ಅನುಕೂಲವಾಯಿತು. ಆವಿಯಾಗುವ ಕೊಬ್ಬಿನಾಮ್ಲವಾದ ವಾಲ್ಪ್ರೊಯೇಟ್ ಎಂಬ ಅಪಸ್ಮಾರದ ಔಷಧಕ್ಕೆ ಗ್ಯಾಸ್ ಕ್ರೊಮ್ಯಾಟೊಗ್ರಫಿ ಸಹಜವಾಗಿ ಹೊಂದಿತು. ಅದೇ ರೋಗದ ಔಷಧವಾದ ಕಾರ್ಬಮಜೆಪಿನ್ ಮಾತ್ರ ಬಿಸಿಗೆ ಒಡೆಯುವುದರಿಂದ ಸತಾಯಿಸಿತು.

1970ರ ದಶಕದಲ್ಲಿ ಪಿಪ್ಪೆಂಜರ್ ಮತ್ತು ಸಂಗಡಿಗರು ಅಮೆರಿಕದ ಪ್ರಯೋಗಾಲಯಗಳಿಗೆ ಒಂದೇ ಮಾದರಿಗಳನ್ನು ಹಂಚಿದಾಗ ಉತ್ತರಗಳು ದಿಕ್ಕಾಪಾಲಾಗಿದ್ದವು. ಒಳ್ಳೆಯ ಯಂತ್ರವಿದ್ದ ಮಾತ್ರಕ್ಕೆ ಒಳ್ಳೆಯ ಅಳತೆ ಸಿಗದು ಎಂಬುದು ಬಯಲಾಗಿ, ಹೊರಗಿನವರಿಂದ ಗುಣಮಟ್ಟ ಪರೀಕ್ಷೆ ಬೇಕೆಂಬ ಮಾತು ಗಟ್ಟಿಯಾಯಿತು. ಮುಂದೆ ಇಮ್ಯುನೊಅಸ್ಸೇ, ದ್ರವ ಕ್ರೊಮ್ಯಾಟೊಗ್ರಫಿಗಳು ಆಸ್ಪತ್ರೆಯ ನಿತ್ಯದ ಕೆಲಸ ವಹಿಸಿಕೊಂಡವು. ಮಾಸ್ ಸ್ಪೆಕ್ಟ್ರೊಮೀಟರ್ ಜೋಡಿಸಿದ ಗ್ಯಾಸ್ ಕ್ರೊಮ್ಯಾಟೊಗ್ರಫಿ ವಿಷವಿಜ್ಞಾನದಲ್ಲಿ ಇಂದಿಗೂ ಉಳಿದಿದೆ.

ಅಂಕಿ ಸರಿಯಿದ್ದರೂ ಓದುವ ಎಚ್ಚರ ಬೇಕು. ಫೆನಿಟಾಯಿನಿನ ಸುಮಾರು ಶೇ 90 ಭಾಗ ಆಲ್ಬುಮಿನ್‌ಗೆ ಅಂಟಿರುತ್ತದೆ. ಅಪೌಷ್ಟಿಕತೆಯಿಂದ ಆಲ್ಬುಮಿನ್ ಇಳಿದ ರೋಗಿಯಲ್ಲಿ ಒಟ್ಟು ಮಟ್ಟ ಕಡಿಮೆ ತೋರಿದರೂ, ಮಿದುಳಿಗೆ ತಲುಪುವ ಮುಕ್ತ ಔಷಧ ಸಾಕಷ್ಟಿರಬಹುದು. ಅದನ್ನು ಅರಿಯದೆ ಡೋಸ್ ಏರಿಸಿದರೆ ರೋಗಿಗೆ ವಿಷವೇರುತ್ತದೆ. ಪ್ರಯೋಗಾಲಯದ ಚೀಟಿಯನ್ನೂ ರೋಗಿಯ ನಡಿಗೆಯನ್ನೂ ಒಟ್ಟಿಗೆ ನೋಡುವ ವೈದ್ಯರ ಕೈಯಲ್ಲೇ ಈ ವಿದ್ಯೆ ಸಾರ್ಥಕ.