ಅರಸನ ಪೂರಿ, ನಮ್ಮ ಪೂರಿ

ಕೆಲವು ವರ್ಷಗಳ ಹಿಂದೆ ತರಗತಿಯಲ್ಲಿ ನಾನೊಂದು ತಪ್ಪು ಮಾಡಿದೆ. ಮಾತು ಊಟ ತಿಂಡಿಗಳ ಕಡೆಗೆ ಹೊರಳಿದಾಗ ಒಬ್ಬ ಹುಡುಗ, "ಪೂರಿ ಉತ್ತರದವರದಲ್ಲವೇ ಸಾರ್?" ಎಂದ. ನನ್ನ ಅಭಿಮಾನ ಕೆರಳಿತು. "ಒಂಬೈನೂರು ವರ್ಷಗಳ ಹಿಂದೆಯೇ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಇದೇ ಪೂರಿಯನ್ನು ತಿನ್ನುತ್ತಿದ್ದನಪ್ಪಾ! 'ಮಾನಸೋಲ್ಲಾಸ'ದಲ್ಲಿ ಅವನೇ ಬರೆದಿದ್ದಾನೆ" ಎಂದುಬಿಟ್ಟೆ. ಹುಡುಗರು ಚಪ್ಪಾಳೆ ತಟ್ಟಿದರು. ನಿಜ ಹೇಳಬೇಕೆಂದರೆ, ಆ ಭಾಗವನ್ನು ನಾನು ಓದಿರಲಿಲ್ಲ, ಯಾರಿಂದಲೋ ಕೇಳಿದ್ದೆ.

ಮನಸ್ಸು ತಡೆಯದೆ ಆ ಸಂಜೆಯೇ ಗ್ರಂಥಭಂಡಾರಕ್ಕೆ ಹೋಗಿ, ಬರೋಡೆಯಲ್ಲಿ 1939ರಲ್ಲಿ ಅಚ್ಚಾದ ಸಂಪುಟವನ್ನು ತೆಗೆಸಿದೆ. ಸುಮಾರು 1129ರಲ್ಲಿ ಹುಟ್ಟಿದ ಈ ಸಂಸ್ಕೃತ ಗ್ರಂಥದ 'ಅನ್ನಭೋಗ' ಪ್ರಕರಣದಲ್ಲಿ 'ಪೂರಿಕಾ' ಎಂಬ ಹೆಸರೇನೋ ಇದೆ. ಆದರೆ ಅದರ ಹಿಟ್ಟು ಗೋಧಿಯದಲ್ಲ, ಕಡಲೆಯದು! ಇಂಗು, ಉಪ್ಪು, ಮೆಣಸು ಬೆರೆಸಿ ಎಣ್ಣೆಯಲ್ಲಿ ಕರಿದ ತಿಂಡಿ ಅದು. ಗೋಧಿಯ ಭಕ್ಷ್ಯಗಳಾದ ಮಂಡಕ, ಪೋಲಿಕಾಗಳು ಅಲ್ಲಿ ಬೇರೆಯಾಗಿಯೇ ಇವೆ. ಇಡ್ಲಿಯ ಕಥೆಯೂ ಹೀಗೆಯೇ: ಅರಸನ 'ಇಡ್ಡರಿಕಾ'ದಲ್ಲಿ ಉದ್ದುಂಟು, ಅಕ್ಕಿಯಿಲ್ಲ.

ಪೂರಿಯ ಜೊತೆಗಾರ ಸಾಗುವಂತೂ ಇನ್ನೂ ಈಚಿನದು. ಅದರೊಳಗಿನ ಆಲೂಗೆಡ್ಡೆ, ಹಸಿಮೆಣಸಿನಕಾಯಿ ಎರಡೂ ಅಮೆರಿಕ ಖಂಡದ ಬೆಳೆಗಳು. ಪೋರ್ಚುಗೀಸರು ಗೋವೆಯನ್ನು ಹಿಡಿದದ್ದು 1510ರಲ್ಲಿ. ಸೋಮೇಶ್ವರನ ಅಡಿಗೆಮನೆಯಲ್ಲಿ ಖಾರಕ್ಕೆ ಕಾಳುಮೆಣಸೇ ಗತಿಯಾಗಿದ್ದಿತು.

ಪೂರಿಯಿಂದ ಹೊರಬಿದ್ದ ಕಡಲೆ ಇಂದು ತಟ್ಟೆಯ ಮಗ್ಗುಲಲ್ಲಿ ಕುಳಿತಿದೆ. ಸಾಗುವಿನ ಮಸಾಲೆಗೂ ಕಾಯಿಚಟ್ನಿಗೂ ನಾವು ಹುರಿಗಡಲೆ ಅರೆಯುತ್ತೇವಷ್ಟೆ. ಗೋಧಿಯ ಪ್ರೋಟೀನಿನಲ್ಲಿ ಲೈಸೀನ್ ಎಂಬ ಅಂಶ ಕಡಿಮೆ. ಕಡಲೆಯಲ್ಲಿ ಅದು ಧಾರಾಳ. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಹಾಗೆಂದು ಬಾಣಲೆಯನ್ನು ಮರೆಯುವಂತಿಲ್ಲ: ಒಂದು ಗ್ರಾಂ ಪಿಷ್ಟದಲ್ಲಿ 4 ಕ್ಯಾಲೊರಿಯಾದರೆ ಒಂದು ಗ್ರಾಂ ಎಣ್ಣೆಯಲ್ಲಿ 9. ನಮ್ಮ ತಾಯಿ ಹಬ್ಬ ಹುಣ್ಣಿಮೆಗಳಿಗೆ ಮಾತ್ರ ಬಾಣಲೆ ಇಡುತ್ತಿದ್ದುದು ಬಹುಶಃ ಎಣ್ಣೆಯ ಬೆಲೆಗೆ ಅಂಜಿ. ಆದರೂ ಅದು ಒಳ್ಳೆಯ ಪದ್ಧತಿಯೇ ಆಗಿದ್ದಿತು.

ಮರುದಿನ ತರಗತಿಯಲ್ಲಿ ನನ್ನ ತಪ್ಪನ್ನು ಒಪ್ಪಿಕೊಂಡೆ.

"ಹಾಗಾದರೆ ಪೂರಿ ಯಾರದು ಸಾರ್?" ಎಂದ ಅದೇ ಹುಡುಗ.

"ಹೆಸರು ಆಗಲೇ ಇಲ್ಲಿತ್ತು, ಹಿಟ್ಟು ಬೇರೆಯಾಗಿತ್ತು. ಪುಸ್ತಕ ಹೇಳುವುದು ಇಷ್ಟೇ, ಇದಕ್ಕಿಂತ ಹೆಚ್ಚು ನಾನು ಹೇಳಬಾರದು" ಎಂದೆ.

ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ. ಆದರೆ ಗಂಟೆ ಹೊಡೆದ ಮೇಲೆ ಆ ಹುಡುಗ ನನ್ನ ಬಳಿಗೆ ಬಂದು, ಪುಸ್ತಕದ ಹೆಸರನ್ನೂ ಸಂಪುಟದ ಸಂಖ್ಯೆಯನ್ನೂ ಕೇಳಿ ಬರೆದುಕೊಂಡು ಹೋದ.