ಹಾಡಿನಲ್ಲಿ ಉಳಿದ ಬಂಡುಗಾರರು

ವಿಜಯಪುರದಿಂದ ಪಡುವಣಕ್ಕೆ ತಿಕೋಟಾ ದಾಟಿ ಹೋದರೆ ಕನಮಡಿ. ಅದರಾಚೆಗೆ ಮಹಾರಾಷ್ಟ್ರದ ಜತ್ತ ತಾಲೂಕು. ಗಡಿಯ ಕಲ್ಲು ರಾಜ್ಯಗಳನ್ನು ಬೇರೆ ಮಾಡಿದೆಯೇ ಹೊರತು ಹಾಡನ್ನು ಬೇರೆ ಮಾಡಿಲ್ಲ. ಡಪ್ಪು, ತುಂತುಣಿ, ತಾಳಗಳನ್ನೇ ನೆಚ್ಚಿಕೊಂಡು ಇರುಳೆಲ್ಲ ನಡೆಯುವ ಲಾವಣಿ, ಗೀಗೀ ಪದಗಳಿಗೆ ಎರಡೂ ಕಡೆಯ ಜನ ತಲೆದೂಗುತ್ತಾರೆ. ಹಾಗೆ ತಲೆದೂಗುವವರಲ್ಲಿ ನಾನೂ ಒಬ್ಬ. ಪಾಂಡಿತ್ಯದ ಹಕ್ಕು ನನಗಿಲ್ಲ. ಮೆಚ್ಚಿದವನ ಸಲಿಗೆಯಿಂದ ನಾಲ್ಕು ಮಾತು ಬರೆಯುತ್ತಿದ್ದೇನೆ.

ಈ ಸೀಮೆಯ ಹಾಡುಗಾರರಿಗೆ ಬಂಡುಗಾರರೆಂದರೆ ಬಲು ಪ್ರೀತಿ. ಕನಮಡಿಯ ನೆರೆಯ ಜತ್ತ ಸಂಸ್ಥಾನದ ಸಿಂಧೂರಿನಲ್ಲಿ ಹುಟ್ಟಿದ ಲಕ್ಷ್ಮಣನನ್ನೇ ನೋಡಿ. ಬ್ರಿಟಿಷ್ ಸರಕಾರದ ಕಣ್ಣಿಗೆ ಅವನು ದರೋಡೆಕೋರ. ಜನರ ಬಾಯಲ್ಲಿ, ಉಳ್ಳವರಿಂದ ಕಿತ್ತು ಇಲ್ಲದವರಿಗೆ ಕೊಟ್ಟ ಧೀರ. 1922ರಲ್ಲಿ ಬೀಳಗಿ ಸೀಮೆಯಲ್ಲಿ ಪೋಲೀಸರ ಗುಂಡಿಗೆ ಬಿದ್ದ. ನಂಬಿದವರೇ ಮೋಸ ಮಾಡಿದರೆಂದು ಜನ ಇಂದಿಗೂ ಹೇಳುತ್ತಾರೆ. ಸತ್ತ ಮೇಲೆ ಅವನು ಪದವಾದ, ಕಂಪನಿ ನಾಟಕವಾದ, 1977ರಲ್ಲಿ ಹುಣಸೂರು ಕೃಷ್ಣಮೂರ್ತಿಯವರ ಕೈಯಲ್ಲಿ ಚಲಚ್ಚಿತ್ರವೂ ಆದ.

ಆದರೆ ನನ್ನ ಮನಸ್ಸನ್ನು ಹೆಚ್ಚಾಗಿ ಸೆರೆಹಿಡಿದದ್ದು ಹಲಗಲಿಯ ಬೇಡರ ಲಾವಣಿ. ಮುಧೋಳದ ಸಮೀಪದ ಹಲಗಲಿಯ ಬೇಡರು, 1857ರಲ್ಲಿ ಸರಕಾರ ಆಯುಧಗಳನ್ನು ಒಪ್ಪಿಸಿರೆಂದಾಗ ಒಪ್ಪಲಿಲ್ಲ. ನವೆಂಬರ್ ಕೊನೆಯಲ್ಲಿ ದಂಡು ಊರಿಗೆ ಮುತ್ತಿತು, ಬೆಂಕಿಯಿಟ್ಟಿತು. ಸೆರೆ ಸಿಕ್ಕವರಲ್ಲಿ 19 ಜನರನ್ನು ಡಿಸೆಂಬರಿನಲ್ಲಿ ಗಲ್ಲಿಗೇರಿಸಿದರು. ಕುರ್ತಕೋಟಿ ಕಲ್ಮೇಶನ ಅಂಕಿತವಿರುವ ಈ ಲಾವಣಿ ಹನುಮ, ಬಾಲ, ಜಡಗ, ರಾಮ ಎಂಬ ನಾಲ್ವರನ್ನು ಹೆಸರಿಟ್ಟು ಕರೆಯುತ್ತದೆ. ಕೊನೆಗೆ ಕವಿ, ದಂಡಿನವರು ದೋಚಿದ ಸಾಮಾನುಗಳನ್ನು ಒಂದೊಂದಾಗಿ ಎಣಿಸುತ್ತಾನೆ: ಉಪ್ಪು, ಎಣ್ಣೆ, ಅರಿಸಿನ, ಬೆಲ್ಲ, ಬೀಸುವ ಕಲ್ಲು. ಯುದ್ಧವೆಂದರೆ ಬಡವರ ಅಡುಗೆಮನೆ ಬರಿದಾಗುವುದು ಎಂಬುದನ್ನು ಇದಕ್ಕಿಂತ ನೇರವಾಗಿ ಹೇಳಿದ ಇತಿಹಾಸಕಾರನನ್ನು ನಾನು ಓದಿಲ್ಲ.

ಇಂಥ ಲಾವಣಿಗಳನ್ನು ಮೊದಲು ಸಂಗ್ರಹಿಸಿದವರು ಯಾರು ಬಲ್ಲಿರಾ? ಅದೇ ಸರಕಾರದ ಅಧಿಕಾರಿ, ಶಾಸನತಜ್ಞ ಜಾನ್ ಫೇಯ್ತ್‌ಫುಲ್ ಫ್ಲೀಟ್! 1885ರಿಂದ ಅವರು ಕನ್ನಡ ಲಾವಣಿಗಳನ್ನು 'ಇಂಡಿಯನ್ ಆಂಟಿಕ್ವರಿ' ಪತ್ರಿಕೆಯಲ್ಲಿ ಅಚ್ಚು ಮಾಡಿಸಿದರು. ಕಲ್ಲಿನ ಮೇಲಿನ ಬರಹ ಓದುತ್ತಿದ್ದವರಿಗೆ ನಾಲಗೆಯ ಮೇಲಿನದೂ ದಾಖಲೆಯೆಂದು ಹೊಳೆಯಿತು. ನಮ್ಮವರು ಮಾತ್ರ ಬಹುಕಾಲ ಇದನ್ನು 'ಹಳ್ಳಿಗರ ಪದ' ಎಂದು ಹೊಸ್ತಿಲಾಚೆಗೇ ನಿಲ್ಲಿಸಿದರು.

ಅಮೆರಿಕೆಯ ತೆಂಕಣ ಹಾಡುಗಾರರಲ್ಲೂ 'ಕಾನೂನಿನ ಹೊರಗಿನವರು' ಎನಿಸಿಕೊಂಡ ಪಂಗಡವೊಂದುಂಟು. ವೇಲನ್ ಜೆನಿಂಗ್ಸ್, ವಿಲ್ಲಿ ನೆಲ್ಸನ್ ಮೊದಲಾದವರು ನ್ಯಾಶ್‌ವಿಲ್ಲಿನ ಧ್ವನಿಮುದ್ರಣ ಕಂಪನಿಗಳ ಕಟ್ಟಳೆಗೆ ಸೊಪ್ಪು ಹಾಕದೆ ತಮಗೆ ತೋಚಿದಂತೆ ಹಾಡಿದರು. 1976ರಲ್ಲಿ ಈ ಪಂಗಡದ ಹೆಸರಿನಿಂದಲೇ ಬಂದ ಧ್ವನಿಮುದ್ರಿಕೆ ಹತ್ತು ಲಕ್ಷಕ್ಕೂ ಮೀರಿ ಮಾರಾಟವಾಯಿತು. ಅಲ್ಲಿ ಬಂಡುಗಾರ ಹಾಡುವವನೇ. ನಮ್ಮಲ್ಲಿ ಬಂಡುಗಾರ ಹಾಡಿನೊಳಗಿದ್ದಾನೆ, ಹಾಡುವವನು ಅವನ ಪರ ಸಾಕ್ಷಿ ನುಡಿಯುತ್ತಾನೆ. ಅವರಿಗೆ ಬಂಡಾಯ ಹಣ ತಂದಿತು. ನಮ್ಮವರಿಗೆ ಒಂದಿರುಳಿನ ಊಟ, ಮೇಲೊಂದು ಆಯೇರಿ.

ದರೋಡೆಕೋರರನ್ನು ಹಾಡಿ ಹೊಗಳುವುದು ಸರಿಯೆ ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಲಾವಣಿ ಒಂದು ಪಕ್ಷ ಹಿಡಿಯುತ್ತದೆ, ನಿಜ. ಆದರೆ ಗಲ್ಲಿಗೆ ಹಾಕಿದವರ ಕಾಗದಪತ್ರಗಳು ಮತ್ತೊಂದು ಪಕ್ಷ ಹಿಡಿದಿವೆಯಲ್ಲ! ಎರಡನ್ನೂ ಎದುರೆದುರು ಇಟ್ಟು ಓದಿದಾಗಲೇ ಇತಿಹಾಸ ಬಾಯಿಬಿಟ್ಟೀತು. ಕಾಗದಪತ್ರಗಳಿಗೆ ಕಪಾಟುಗಳಿವೆ, ಕಾವಲುಗಾರರಿದ್ದಾರೆ. ಹಾಡಿಗಿರುವುದು ಹಾಡುವವರ ನೆನಪೊಂದೇ. ಒಬ್ಬ ಹಿರಿಯ ಹಾಡುಗಾರ ಕಣ್ಮುಚ್ಚಿದರೆ ಒಂದು ದಫ್ತರವೇ ಸುಟ್ಟಂತೆ. ಇಂದು ಧ್ವನಿ ಹಿಡಿಯುವ ಯಂತ್ರ ಎಲ್ಲರ ಜೇಬಿನಲ್ಲಿದೆ. ಮುಂದಿನ ಜಾತ್ರೆಗೆ ಹೋದವರು ಒಂದು ಪದವನ್ನಾದರೂ ಪೂರ್ತಿಯಾಗಿ ಹಿಡಿದಿಟ್ಟು, ಹಾಡಿದವರ ಹೆಸರನ್ನೂ ಊರನ್ನೂ ಅವರನ್ನೇ ಕೇಳಿ ಬರೆದುಕೊಂಡರೆ, ಹಲಗಲಿಯವರ ಋಣ ಅಷ್ಟರ ಮಟ್ಟಿಗೆ ತೀರೀತು.